ಪೋರ್ಟಬಲ್ ಎ.ಸಿ. (ದಕ್ಷಿಣ ಬೆಂಗಳೂರಿನ ಕಿರುಕೋಣೆಗಳಲ್ಲಿ)

ಗೋಡೆ ಕೊರೆಯದೆ, ಚಕ್ರದ ಮೇಲೆ ನೂಕಿಕೊಂಡು ಹೋಗಬಹುದಾದ ಹವಾನಿಯಂತ್ರಕ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿಗೆ ಫ್ಯಾನೇ ಸಾಕೆಂಬುದು ಹಳೆಯ ನಂಬಿಕೆ. ಆದರೆ 2016ರ ಏಪ್ರಿಲ್‌ನಲ್ಲಿ ಇಲ್ಲಿ ತಾಪಮಾನ 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಬಿ.ಟಿ.ಎಂ. ಬಡಾವಣೆ, ಜೆ.ಪಿ. ನಗರದಂಥ ಕಡೆ ತಾರಸಿ ಮೇಲಿನ ಬಾಡಿಗೆ ಕೋಣೆಗಳಲ್ಲಿ ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿಯೂ ಶಾಖ ಬಿಡುತ್ತಿರುತ್ತದೆ. ಗೋಡೆಗೆ ತೂತು ಹಾಕಲು ಮಾಲೀಕರು ಒಪ್ಪದಾಗ ಈ ಯಂತ್ರದ ಯೋಚನೆ ಬರುತ್ತದೆ.

ಅಂಗಡಿಯಲ್ಲಿ ಮಾತೆಲ್ಲ ಟನ್ನಿನದು. 1 ಟನ್ ಎಂದರೆ ಗಂಟೆಗೆ 12,000 ಬಿ.ಟಿ.ಯು. ಶಾಖವನ್ನು ಹೊರಹಾಕುವ ಶಕ್ತಿ. ಆದರೆ ನಿಜಕ್ಕೂ ನೋಡಬೇಕಾದದ್ದು ಬಿಸಿಗಾಳಿಯನ್ನು ಹೊರಬಿಡುವ ಕೊಳವೆಯನ್ನು. ಒಂಟಿ ಕೊಳವೆಯ ಯಂತ್ರ ಕೋಣೆಯ ತಂಪುಗಾಳಿಯನ್ನೇ ಎಳೆದು, ಕಾಯಿಸಿ ಹೊರಗೆ ದೂಡುತ್ತದೆ; ಆ ಕೊರತೆ ತುಂಬಲು ಬಾಗಿಲ ಸಂದಿಯಿಂದ ಹೊರಗಿನ ಬಿಸಿಗಾಳಿ ನುಗ್ಗುತ್ತದೆ. ಜೋಡಿ ಕೊಳವೆಯದಕ್ಕೆ ಈ ಪೇಚು ಕಡಿಮೆ.

ಕೊಳವೆಯನ್ನು ಕಿಟಕಿಯಲ್ಲಿ ಕೂರಿಸಲು ಯಂತ್ರದ ಜೊತೆಗೆ ಬರುವ ಪಟ್ಟಿ ಸಾಮಾನ್ಯವಾಗಿ ಜಾರುವ ಕಿಟಕಿಗೆ ಹೊಂದುವಂಥದ್ದು. ಜಯನಗರ, ಬನಶಂಕರಿಯ ಹಳೆಯ ಮನೆಗಳ ಕಬ್ಬಿಣದ ಸರಳು, ಹೊರಕ್ಕೆ ತೆರೆಯುವ ರೆಕ್ಕೆಗಳಿಗೆ ಅದು ಕೂರುವುದಿಲ್ಲ. ಒಂದು ಗಾಜು ತೆಗೆಸಿ ಅಲ್ಲಿ ತೂತಿನ ಪ್ಲೈವುಡ್ ಹಾಕಿಸಬೇಕಾಗುತ್ತದೆ; ಅದೂ ಸರಳಿನ ನಡುವೆ ಕೊಳವೆ ತೂರಿದರೆ. ಯಂತ್ರಕ್ಕೆ ಬೇಕಾದ 16 ಆಂಪಿಯರ್ ಸಾಕೆಟ್ ಗೀಸರಿಗೆ ಮಾತ್ರ ಇರುವ ಮನೆಯಲ್ಲಿ ವೈರಿಂಗ್ ಖರ್ಚು ಬೇರೆ. ಕಂಪ್ರೆಸರ್ ಹಾಸಿಗೆಯ ಪಕ್ಕದಲ್ಲೇ ಗುಂಯ್‌ಗುಡುತ್ತದೆ.

ಏಪ್ರಿಲ್ಲಿನ ಒಣ ಮಧ್ಯಾಹ್ನಕ್ಕೆ ಕಿಟಕಿ ತೆರೆದಿಟ್ಟ ಕೂಲರ್ ಅಗ್ಗದ ಪರ್ಯಾಯ. ಮಳೆ ಹಿಡಿದ ಮೇಲೆ ಅದು ತೇವವನ್ನಷ್ಟೇ ಹೆಚ್ಚಿಸುತ್ತದೆ. ಮಾಲೀಕರು ಒಪ್ಪಿದರೆ ಕಿಟಕಿ ಎ.ಸಿ.ಯೇ ಮೇಲು.