ಸ್ಪಂದನಶೀಲ ನ್ಯಾನೊವಾಹಕಗಳು

ಅರ್ಬುದರೋಗದ ಔಷಧವನ್ನು ಒಡಲಲ್ಲಿ ಹೊತ್ತು ರಕ್ತದಲ್ಲಿ ಸಂಚರಿಸಿ, ಆಮ್ಲತೆ, ಉಷ್ಣತೆ, ಕಿಣ್ವ ಮೊದಲಾದುವುಗಳ ವ್ಯತ್ಯಾಸ ಕಂಡೆಡೆಯಲ್ಲಿ ಮಾತ್ರ ಅದನ್ನು ಬಿಟ್ಟುಕೊಡುವಂತೆ ರಚಿಸಲ್ಪಟ್ಟ ಅತಿಸೂಕ್ಷ್ಮ ಕಣಗಳು. ಇವುಗಳ ಅಗತ್ಯವನ್ನರಿಯಲು ಡಾಕ್ಸೋರುಬಿಸಿನ್ ಎಂಬ ಒಂದೇ ಔಷಧವನ್ನು ನೋಡಿದರೆ ಸಾಕು. ಇಟಲಿಯ ಮಣ್ಣಿನಲ್ಲಿ ದೊರೆತ ಸೂಕ್ಷ್ಮಜೀವಿಯೊಂದರ ಸಂತತಿಯಿಂದ ಪಡೆದ, ಡ್ರಿಪ್ಪಿನ ನಳಿಕೆಯಲ್ಲಿ ಓಕುಳಿಯ ನೀರಿನಂತೆ ಕೆಂಪಗೆ ಇಳಿಯುವ ಈ ದ್ರವವು ಗಡ್ಡೆಯ ಕೋಶಗಳನ್ನು ಕೊಲ್ಲುವಂತೆಯೇ ಹೃದಯದ ಸ್ನಾಯುವನ್ನೂ ಕೆಡಿಸಬಲ್ಲುದಾದುದರಿಂದ, ಒಬ್ಬ ರೋಗಿಗೆ ಆಜೀವಪರ್ಯಂತ ಕೊಡಬಹುದಾದ ಒಟ್ಟು ಪ್ರಮಾಣವನ್ನು ದೇಹದ ಮೇಲ್ಮೈಯ ಚದರ ಮೀಟರಿಗೆ ಸುಮಾರು 450ರಿಂದ 550 ಮಿಲಿಗ್ರಾಮಿಗೆ ಮಿತಿಗೊಳಿಸುವುದು ರೂಢಿ. ಮದ್ದು ಇನ್ನೂ ಫಲ ಕೊಡುತ್ತಿರುವಾಗಲೇ ಹೃದಯಕ್ಕೆ ಅಂಜಿ ಅದನ್ನು ನಿಲ್ಲಿಸಬೇಕಾಗುವುದು ನಿಜಕ್ಕೂ ದಾರುಣವಾದ ಸಂಗತಿ.

1960ರ ದಶಕದಲ್ಲಿ ಇಂಗ್ಲೆಂಡಿನ ಅಲೆಕ್ ಬ್ಯಾಂಗಮ್ ವಿವರಿಸಿದ ಲಿಪೋಸೋಮ್, ಎಂದರೆ ಮೇದಸ್ಸಿನ ಅಣುಗಳು ಇಮ್ಮಡಿ ಪದರವಾಗಿ ಕೂಡಿ ಆದ ಪೊಳ್ಳುಗುಳ್ಳೆ, ಮೊದಲ ಪರಿಹಾರವಾಯಿತು. ಅದರೊಳಗೆ ಡಾಕ್ಸೋರುಬಿಸಿನನ್ನು ತುಂಬಿದ ಡಾಕ್ಸಿಲ್ 1995ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಹೃದಯದ ಹಾನಿ ತಗ್ಗಿತು. ಆದರೆ ಅಂಗೈ ಅಂಗಾಲುಗಳ ಚರ್ಮ ಕೆಂಪೇರಿ ಸುಲಿಯುವ ಬಾಧೆ ಹೆಚ್ಚಿತು, ಬಿಗಿಯಾದ ಗುಳ್ಳೆಯು ಗಡ್ಡೆಯನ್ನು ಸೇರಿದ ಮೇಲೂ ಮದ್ದನ್ನು ಮೆಲ್ಲಮೆಲ್ಲನೆ ಬಿಡುತ್ತಿತ್ತು. ತಲಪಿಸುವುದು ಬೇರೆ, ತೆರೆಯುವುದು ಬೇರೆ ಎಂಬ ಈ ಅರಿವೇ ಸ್ಪಂದನಶೀಲ ವಾಹಕಗಳ ಮೂಲ.

ರಕ್ತದ ಪಿಎಚ್ 7.4 ಇದ್ದರೆ ಗಡ್ಡೆಯ ಸುತ್ತ ಅದು 6.5ರವರೆಗೂ, ಕೋಶದೊಳಗಿನ ಜೀರ್ಣಕಾರಿ ಚೀಲವಾದ ಲೈಸೋಸೋಮಿನಲ್ಲಿ 5ರ ಆಸುಪಾಸಿಗೂ ಇಳಿಯುತ್ತದೆ. ಹೈಡ್ರಜೋನ್ ಬಂಧದಿಂದ ಕಟ್ಟಿದ ಔಷಧವು ಈ ಆಮ್ಲದಲ್ಲಿ ಕಳಚಿಕೊಳ್ಳುತ್ತದೆ. ಡೈಸಲ್ಫೈಡ್ ಬಂಧವಾದರೋ ಕೋಶದೊಳಗೆ ಹೇರಳವಾಗಿರುವ ಗ್ಲುಟಾಥಯೋನ್ ಎಂಬ ಅಣುವಿನಿಂದ ಮುರಿಯುತ್ತದೆ. ಹೊರಗಿನ ಸಂಜ್ಞೆಗಳಲ್ಲಿ ಉಷ್ಣವೇ ಮುಖ್ಯವಾದುದು. ಸುಮಾರು 40 ಡಿಗ್ರಿ ಸೆಲ್ಸಿಯಸ್ ದಾಟಿದೊಡನೆ ಪದರದಲ್ಲಿ ರಂಧ್ರ ಬಿಟ್ಟು ಕೆಲವೇ ಸೆಕೆಂಡುಗಳಲ್ಲಿ ಮದ್ದನ್ನು ಸುರಿಸುವ ಥರ್ಮೋಡಾಕ್ಸ್ ಎಂಬ ಲಿಪೋಸೋಮ್ ಪ್ರಯೋಗಶಾಲೆಯಲ್ಲಿ ಬೆರಗು ಹುಟ್ಟಿಸಿತ್ತು. ಆದರೂ ಯಕೃತ್ತಿನ ಅರ್ಬುದದ ರೋಗಿಗಳಲ್ಲಿ ನಡೆದ ದೊಡ್ಡ ಪರೀಕ್ಷೆಯಲ್ಲಿ ಅದು ಗುರಿ ಮುಟ್ಟಲಿಲ್ಲವೆಂದು 2013ರಲ್ಲಿ ತಿಳಿದುಬಂತು.

ತೆರೆಯುವುದಷ್ಟೇ ಅಲ್ಲ, ತಲಪಿಸುವುದೂ ಸುಲಭವಲ್ಲ. ಹತ್ತು ವರ್ಷಗಳ ಪ್ರಾಣಿಪ್ರಯೋಗಗಳನ್ನು ಪರಾಮರ್ಶಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದು, ಚುಚ್ಚಿದ ಕಣಗಳಲ್ಲಿ ಗಡ್ಡೆಯನ್ನು ಸೇರುವ ಪಾಲಿನ ಮಧ್ಯಾಂಕವು ಶೇಕಡ 0.7 ಮಾತ್ರವೆಂದು ತೋರಿಸಿತು. ಉಳಿದುವುಗಳಲ್ಲಿ ಬಹಳಷ್ಟನ್ನು ಯಕೃತ್ತು ಮತ್ತು ಗುಲ್ಮಗಳ ಭಕ್ಷಕಕೋಶಗಳು ನುಂಗುತ್ತವೆ. ಆ ಕೋಶಗಳ ಲೈಸೋಸೋಮಿನಲ್ಲಿಯೂ ಅಂಥದೇ ಆಮ್ಲವಿರುವುದರಿಂದ, ಆಮ್ಲವೊಂದನ್ನೇ ನಂಬಿದ ವಾಹಕವು ಅಲ್ಲಿಯೂ ತೆರೆದುಕೊಳ್ಳಬಹುದು.