ವಾರಾನ್ನದಿಂದ ವಿದ್ಯಾರ್ಥಿವೇತನಕ್ಕೆ

ಉಡುಪಿಯಿಂದ ಮಣಿಪಾಲದ ಮೇಲೆ ಕಾರ್ಕಳಕ್ಕೆ ಸಾಗುವ ಹಾದಿಯಲ್ಲಿ ಹಿರಿಯಡ್ಕವೆಂಬ ಊರಿದೆ. ಇಂದು ಅಲ್ಲಿನ ವಿದ್ಯಾರ್ಥಿಯು ಬೆಳಿಗ್ಗೆ ಬಸ್ಸು ಹತ್ತಿ ಕಾಲೇಜಿಗೆ ಹೋಗಿ ಸಂಜೆ ಮನೆ ಸೇರಬಲ್ಲನು. ಹಿಂದೆ ಹೀಗಿರಲಿಲ್ಲ. 1949ರವರೆಗೆ ಉಡುಪಿಯಲ್ಲಿಯೇ ಕಾಲೇಜಿರಲಿಲ್ಲ. ಮೆಟ್ರಿಕ್ಯುಲೇಷನ್ನಿನಲ್ಲಿ ಎಷ್ಟೇ ಮೇಲಾಗಿ ತೇರ್ಗಡೆಯಾದ ಹುಡುಗನಾದರೂ ಹೊಳೆಗಳ ಕಡವುಗಳನ್ನು ದಾಟಿ ಮಂಗಳೂರಿಗೆ ಹೋಗಬೇಕಾಗಿತ್ತು. ಕಾಲೇಜಿನ ಫೀಸು ಒಂದಾದರೆ, ಪರಸ್ಥಳದಲ್ಲಿ ಊಟ ವಸತಿಗಳ ಚಿಂತೆ ಮತ್ತೊಂದು. ಬಡವರ ಮಕ್ಕಳ ವಿದ್ಯೆಯು ಮುರಿದು ಬೀಳುತ್ತಿದ್ದುದು ಬಹುಮಟ್ಟಿಗೆ ಈ ಎರಡನೆಯದರಿಂದಲೇ ಎಂಬುದನ್ನು ನಾವು ಮರೆಯುವಂತಿಲ್ಲ.

ಇದಕ್ಕೆ ನಮ್ಮ ಹಿರಿಯರು ಕಂಡುಕೊಂಡಿದ್ದ ಉಪಾಯವು ವಾರಾನ್ನ. ವಾರದ ಏಳು ದಿನಕ್ಕೆ ಏಳು ಮನೆ. ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ. ಇದರಿಂದ ವಿದ್ವಾಂಸರಾದವರು ಅನೇಕರು. ಆದರೆ ಮನೆಯವರು ಊರಿಗೆ ಹೋದ ದಿನ ಹುಡುಗನಿಗೆ ಉಪವಾಸ. ಅದಕ್ಕಿಂತ ಮಿಗಿಲಾಗಿ, ಆ ಬಾಗಿಲುಗಳು ತೆರೆಯುತ್ತಿದ್ದುದು ಸಾಮಾನ್ಯವಾಗಿ ಸ್ವಜಾತಿಯವರಿಗೆ ಮಾತ್ರ. ಅಸ್ಪೃಶ್ಯರೆನಿಸಿದವರ ಮಕ್ಕಳಿಗೆ ವಾರಾನ್ನವೆಲ್ಲಿಯದು?

ಒಬ್ಬೊಬ್ಬ ಗೃಹಸ್ಥನ ದಯೆಯನ್ನು ನಂಬಿದ್ದ ಈ ಸಹಾಯಕ್ಕೆ ಸ್ಥಿರವಾದ ನಿಧಿಯ ರೂಪ ಕೊಟ್ಟವರಲ್ಲಿ ಬೆಳಗಾವಿ ಸೀಮೆಯ ಸಿರಸಂಗಿ ಲಿಂಗರಾಜ ದೇಸಾಯಿಯವರು ಪ್ರಮುಖರು. 1906ರಲ್ಲಿ ಅವರು ಮೃತ್ಯುಪತ್ರವನ್ನು ಬರೆದು, ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಬಡ ವಿದ್ಯಾರ್ಥಿಗಳ ವ್ಯಾಸಂಗಕ್ಕಾಗಿ ಬಿಟ್ಟರು. ಆದರೂ ಅದು ಒಂದು ಸಮಾಜಕ್ಕೆ ಸಂದ ನಿಧಿ. ಜಾತಿಯ ಕಾರಣದಿಂದಲೇ ಹೊರಗುಳಿದವರಿಗೆ ಕಾಲೇಜಿನ ವ್ಯಾಸಂಗದಲ್ಲಿ ನೆರವಾಗಲು ಭಾರತ ಸರ್ಕಾರವು ವಿದ್ಯಾರ್ಥಿವೇತನವನ್ನು ಆರಂಭಿಸಿದುದು 1944ರಲ್ಲಿ.

ಇತ್ತ ಉಡುಪಿಯ ಕಡೆ ಡಾಕ್ಟರ್ ಟಿ. ಎಂ. ಎ. ಪೈಯವರು 1942ರಲ್ಲಿ ಮಣಿಪಾಲದಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಸಂಸ್ಥೆಯನ್ನು ಕಟ್ಟಿದರು. 1949ರಲ್ಲಿ ಉಡುಪಿಯಲ್ಲಿ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು ಪ್ರಾರಂಭವಾಯಿತು. ಕಾಲೇಜೇ ವಿದ್ಯಾರ್ಥಿಯ ಊರಿನ ಬಳಿಗೆ ಬಂದುದೂ ಒಂದು ಬಗೆಯ ವಿದ್ಯಾರ್ಥಿವೇತನವೇ ಸರಿ. ಮನೆಯೂಟವುಂಡು ಓದುವವನಿಗೆ ಅರ್ಧ ಖರ್ಚು ಉಳಿಯಿತು.

ಆದರೆ ಆ ಮನೆಯೇ ಸೋರುತ್ತಿದ್ದರೆ? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡುದು ವಿದ್ಯಾಸಂಸ್ಥೆಯಲ್ಲ, ಒಂದು ಕಲಾಸಂಸ್ಥೆ. 1975ರಲ್ಲಿ ಸ್ಥಾಪಿತವಾದ ಉಡುಪಿಯ ಯಕ್ಷಗಾನ ಕಲಾರಂಗವು 2005ರಲ್ಲಿ ‘ವಿದ್ಯಾಪೋಷಕ್’ ಎಂಬ ಯೋಜನೆಯನ್ನು ಆರಂಭಿಸಿತು. ಓದಿನಲ್ಲಿ ಮುಂದಿರುವ ಬಡ ವಿದ್ಯಾರ್ಥಿಗಳ ಮನೆಗಳಿಗೆ ಅದರ ಕಾರ್ಯಕರ್ತರು ಸ್ವತಃ ಹೋಗಿ, ಸ್ಥಿತಿಯನ್ನು ಕಣ್ಣಾರೆ ಕಂಡು ನೆರವು ಕೊಡುತ್ತಾರೆ; ವಾಸಯೋಗ್ಯವಾದ ಮನೆಯಿಲ್ಲದ ಹಲವರಿಗೆ ದಾನಿಗಳ ಸಹಾಯದಿಂದ ಮನೆಯನ್ನೇ ಕಟ್ಟಿಸಿಕೊಟ್ಟಿದ್ದಾರೆ.

ಹಿಂದೆ ವಿದ್ಯಾರ್ಥಿಯು ದಾತನ ಬಾಗಿಲಿಗೆ ಹೋಗುತ್ತಿದ್ದನು. ಇಲ್ಲಿ ದಾತನೇ ವಿದ್ಯಾರ್ಥಿಯ ಬಾಗಿಲಿಗೆ ಹೋದನು. ಅಂಕಪಟ್ಟಿಯು ಬುದ್ಧಿಯನ್ನು ತೋರಿಸೀತು. ಆ ಬುದ್ಧಿ ಯಾವ ದೀಪದ ಕೆಳಗೆ, ಎಷ್ಟು ಹಸಿವನ್ನು ನುಂಗಿ ಬೆಳೆಯಿತೆಂಬುದನ್ನು ಮನೆಯೊಂದೇ ಹೇಳಬಲ್ಲದು. ವಿದ್ಯಾದಾನ ಮಾಡುವ ನಾವೆಲ್ಲರೂ ಆ ಹೊಸ್ತಿಲವರೆಗೆ ನಡೆಯುವುದನ್ನು ಕಲಿಯಬೇಕಾಗಿದೆ.