ಬಂಗುಡೆ, ಬೂತಾಯಿ ಮರಿಗಳು ತಿನ್ನುವುದೇನು? ಬೆಳೆದಂತೆ ಆಹಾರ ಬದಲಾಗುವುದು ಹೇಗೆ?

ಕರಾವಳಿಯ ಮೀನು ಮಾರುಕಟ್ಟೆಯಲ್ಲಿ ಬಂಗುಡೆ ಮತ್ತು ಬೂತಾಯಿ ಅಕ್ಕಪಕ್ಕದ ಬುಟ್ಟಿಗಳಲ್ಲೇ ಇರುತ್ತವೆ. ಎರಡೂ ಗುಂಪಾಗಿ ಈಜುವ ಸಣ್ಣ ಮೀನುಗಳು, ಎರಡೂ ಪ್ಲವಕ ತಿಂದು ಬದುಕುತ್ತವೆ. ಆದರೆ ಮರಿ ದೊಡ್ಡದಾಗುತ್ತಿದ್ದಂತೆ ಇವುಗಳ ಆಹಾರ ವಿರುದ್ಧ ದಿಕ್ಕಿನಲ್ಲಿ ಬದಲಾಗುತ್ತದೆ.

ಪ್ಲವಕ ಎಂದರೇನು?

ಸಮುದ್ರದ ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳೇ ಪ್ಲವಕ. ಡಯಾಟಮ್‌ನಂಥ ಏಕಕೋಶ ಪಾಚಿಗಳು ಸಸ್ಯಪ್ಲವಕ. ಸೀಗಡಿಯ ದೂರದ ಸಂಬಂಧಿಯಾದ ಕೋಪೆಪಾಡ್‌ನಂಥ ಪುಟ್ಟ ಜೀವಿಗಳು ಪ್ರಾಣಿಪ್ಲವಕ. ಮೊಟ್ಟೆಯೊಡೆದು ಬಂದ ಮರಿಗೆ ಮೊದಲು ಹೊಟ್ಟೆಗಂಟಿದ ಹಳದಿ ಚೀಲವೇ ಆಹಾರ. ಅದು ಮುಗಿದ ಮೇಲೆ ಬಾಯಿಗೆ ಹಿಡಿಸುವಷ್ಟು ಚಿಕ್ಕ ಜೀವಿಗಳು ಹತ್ತಿರದಲ್ಲೇ ಸಿಗಬೇಕು. ಸಿಗದಿದ್ದರೆ ಮರಿ ಉಳಿಯುವುದಿಲ್ಲ.

ಬಂಗುಡೆ: ಪಾಚಿಯಿಂದ ಸೀಗಡಿ ಮರಿಯತ್ತ

ಬಂಗುಡೆ ಮರಿಗಳು ಡಯಾಟಮ್ ಹಾಗೂ ಅತಿ ಚಿಕ್ಕ ಪ್ರಾಣಿಪ್ಲವಕ ತಿನ್ನುತ್ತವೆ. ಬೆಳೆದ ಬಂಗುಡೆ ಸೀಗಡಿ ಮರಿ, ಮೀನು ಮರಿಯಂಥ ದೊಡ್ಡ ತುತ್ತುಗಳತ್ತ ಹೊರಳುತ್ತದೆ. ದೇಹದ ಅಳತೆಗೆ ಹೋಲಿಸಿದರೆ ಅದರ ಕರುಳು ಗಿಡ್ಡವಾಗುತ್ತಾ ಹೋಗುತ್ತದೆ. ಸಸ್ಯಾಹಾರ ಜೀರ್ಣಿಸಲು ಉದ್ದ ಕರುಳು ಬೇಕು, ಮಾಂಸಾಹಾರಕ್ಕೆ ಅಷ್ಟು ಬೇಕಿಲ್ಲ.

ಬೂತಾಯಿ: ಕೋಪೆಪಾಡ್‌ನಿಂದ ಪಾಚಿಯತ್ತ

ಬೂತಾಯಿಯ ಎಳೆ ಮರಿಗಳ ಹೊಟ್ಟೆಯಲ್ಲಿ ಕೋಪೆಪಾಡ್‌ನಂಥ ಪ್ರಾಣಿಪ್ಲವಕದ ಪಾಲು ಹೆಚ್ಚು. ಬೆಳೆದ ಮೀನಿಗೆ ಡಯಾಟಮ್‌ಗಳೇ ಮುಖ್ಯ ಆಹಾರ. ಕಿವಿರಿನ ಒಳಬದಿಯಲ್ಲಿ ಬಾಚಣಿಗೆಯಂತೆ ಒತ್ತೊತ್ತಾಗಿರುವ ಎಳೆಗಳು ಜರಡಿಯ ಕೆಲಸ ಮಾಡುತ್ತವೆ. ಹೀಗಾಗಿ ಕಣ್ಣಿಗೆ ಕಾಣದ ಪಾಚಿಯನ್ನೂ ಅದು ನೀರಿನಿಂದ ಸೋಸಿ ತಿನ್ನಬಲ್ಲದು. 'ಫ್ರಾಜಿಲೇರಿಯಾ ಓಷಿಯಾನಿಕಾ' ಎಂಬ ಡಯಾಟಮ್ ಹೆಚ್ಚಿದ್ದಲ್ಲಿ ಬೂತಾಯಿಯೂ ಹೆಚ್ಚಿರುವುದನ್ನು ವಿಜ್ಞಾನಿಗಳು 1950ರ ದಶಕದಲ್ಲೇ ಗುರುತಿಸಿದ್ದರು.

ಮಳೆಗಾಲಕ್ಕೂ ಮೀನಿಗೂ ಏನು ನಂಟು?

ಮುಂಗಾರಿನ ವೇಳೆ ಪಶ್ಚಿಮ ಕರಾವಳಿಯಲ್ಲಿ ಆಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೇಳುತ್ತದೆ. ಇದರಿಂದ ಡಯಾಟಮ್‌ಗಳು ಹುಲುಸಾಗಿ ಬೆಳೆಯುತ್ತವೆ, ಅವನ್ನು ತಿನ್ನುವ ಕೋಪೆಪಾಡ್‌ಗಳೂ ಹೆಚ್ಚುತ್ತವೆ. ಬೂತಾಯಿ ಮೊಟ್ಟೆಯಿಡುವುದೂ ಮುಖ್ಯವಾಗಿ ಇದೇ ಕಾಲದಲ್ಲಿ. ಮರಿ ಹುಟ್ಟುವ ಹೊತ್ತಿಗೂ ಆಹಾರ ಹೆಚ್ಚುವ ಹೊತ್ತಿಗೂ ಹೊಂದಿಕೆ ತಪ್ಪಿದರೆ ಮುಂದಿನ ಋತುವಿನಲ್ಲಿ ಬಲೆ ಬರಿದಾಗಬಹುದು.

ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,500 ಟನ್‌ಗೂ ಕಡಿಮೆ. ಇಂಥ ಏರಿಳಿತಕ್ಕೆ ಸಮುದ್ರದ ಬದಲಾವಣೆ, ಆಹಾರ ಮತ್ತು ಮೀನುಗಾರಿಕೆಯ ಒತ್ತಡ ಸೇರಿ ಕಾರಣವಾಗುತ್ತವೆ.

ಮರಿ ಮೀನು ಬೇಡ ಎನ್ನುವುದೇಕೆ?

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಕೇರಳದಲ್ಲಿ 10 ಸೆಂ.ಮೀ.ಗಿಂತ ಚಿಕ್ಕ ಬೂತಾಯಿ, 14 ಸೆಂ.ಮೀ.ಗಿಂತ ಚಿಕ್ಕ ಬಂಗುಡೆ ಹಿಡಿಯುವಂತಿಲ್ಲ. ಸಮುದ್ರದಲ್ಲಿ ಆಹಾರ ಎಷ್ಟೇ ಇರಲಿ, ಅದನ್ನು ತಿಂದು ಬೆಳೆದು ಒಮ್ಮೆಯಾದರೂ ಮೊಟ್ಟೆಯಿಡಲು ಮರಿಗೆ ಅವಕಾಶ ಸಿಗಬೇಕು. ಅದಕ್ಕೂ ಮೊದಲೇ ಮರಿಗಳು ಬಲೆಗೆ ಬಿದ್ದರೆ ನಷ್ಟವಾಗುವುದು ಮುಂದಿನ ವರ್ಷ ಅದೇ ಮೀನಿಗಾಗಿ ಕಡಲಿಗಿಳಿಯುವ ಮೀನುಗಾರರಿಗೇ.